ಹಳೆ ಪಿಕಪ್ ಎಳೀವಲ್ದು: ಎಂಜಿನ್ ಬದಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಟಿಕೋಟಾದ ದ್ರಾಕ್ಷಿ, ಇಂಡಿ ತಾಲೂಕಿನ ನಿಂಬೆ, ಬಾಗಲಕೋಟೆಯ ಉಳ್ಳಾಗಡ್ಡಿ, ಬೆಳಗಾವಿಯಿಂದ ಚೋರ್ಲಾ ಘಾಟ್ ಹಿಡಿದು ಗೋವಾಕ್ಕೆ ಹೋಗುವ ಕಾಯಿಪಲ್ಲೆ. ಹತ್ತು ಹದಿನೈದು ವರ್ಷ ಇವನ್ನು ಹೊತ್ತ ಪಿಕಪ್ ಒಂದು ದಿನ ಏರಿನಲ್ಲಿ ಎರಡನೇ ಗೇರಿಗೆ ಇಳಿದಾಗ ಮಾಲೀಕರ ತಲೆಗೆ ಮೊದಲು ಬರುವುದು ಎಂಜಿನ್ ಬದಲಿಸುವ ವಿಚಾರ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಇಲ್ಲಿ ಕೊಟ್ಟ ಅಳತೆಗಳು ಸಾಮಾನ್ಯ ಡೀಸೆಲ್ ಪಿಕಪ್‌ಗಳಿಗೆ ಹೊಂದುವಂಥವು. ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ.

ಮೊದಲ ಹಂತ: ತಪ್ಪು ಎಂಜಿನ್ನದೇ ಹೌದಾ?

ಗಾಡಿ ಏರಿಗೆ ದಮ್ ಕಟ್ಟತೈತಿ. ಎಂಜಿನ್ ಹೋತಂತ ತಿಳ್ಕೋಬೇಕೇನ್ರಿ?

ಇಷ್ಟು ಬೇಗ ಬೇಡ. ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿ. ಒಬ್ಬರನ್ನು ಕೂರಿಸಿ ಆಕ್ಸಿಲರೇಟರ್ ಪೂರ್ತಿ ತುಳಿಸಿ, ಬಾನೆಟ್ ಎತ್ತಿ ಡೀಸೆಲ್ ಪಂಪಿನ ಲಿವರ್ ಕೊನೆಯ ಸ್ಟಾಪ್ ಸ್ಕ್ರೂವಿಗೆ ತಾಗುತ್ತದೆಯೇ ನೋಡಿ. ಕೇಬಲ್ ಸಡಿಲಾಗಿ, ಅಥವಾ ಪೆಡಲ್ ಕೆಳಗೆ ದಪ್ಪ ಮ್ಯಾಟ್ ಹಾಸಿ, ಮುಕ್ಕಾಲು ಆಕ್ಸಿಲರೇಟರಿನಲ್ಲೇ ವರ್ಷಗಟ್ಟಲೆ ಓಡಿದ ಗಾಡಿಗಳಿರುತ್ತವೆ.

ಆಮೇಲೆ ಕ್ಲಚ್. ಗಾಡಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ನಾಲ್ಕನೇ ಗೇರ್ ಹಾಕಿ, ನಿಧಾನ ಕ್ಲಚ್ ಬಿಡಿ. ಎಂಜಿನ್ ತಕ್ಷಣ ಬಂದ್ ಆಗಬೇಕು. ಬಂದ್ ಆಗದೆ ಗುಂಯ್‌ಗುಡುತ್ತಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಶಕ್ತಿ ಹುಟ್ಟುತ್ತಿದೆ, ಚಕ್ರಕ್ಕೆ ತಲುಪುತ್ತಿಲ್ಲ. ಬ್ರೇಕ್ ಕಚ್ಚಿಕೊಂಡಿದೆಯೇ ಎಂದು ತಿಳಿಯಲು ಐದಾರು ಕಿಲೋಮೀಟರ್ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಕಾದಿದ್ದರೆ ಅಲ್ಲಿ ಲೈನರ್ ಬಿಡುತ್ತಿಲ್ಲ.

ಕೊನೆಗೆ ಹವಾ ಮತ್ತು ಡೀಸೆಲ್. ಕಬ್ಬಿನ ಹೊಲ, ಎರೆ ಮಣ್ಣಿನ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರಿಗೆ ಪುಸ್ತಕದಲ್ಲಿ ಹೇಳಿದ ಅರ್ಧ ಆಯುಷ್ಯವೂ ಇರುವುದಿಲ್ಲ. ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಇಳಿಸಿ. ಟರ್ಬೊ (ಎಂಜಿನ್ನಿಗೆ ಹವಾ ಒತ್ತಿ ತುಂಬುವ ಸಾಧನ) ಇದ್ದರೆ ಅದರ ಹೋಸ್‌ಗಳ ಮೇಲೆ ಎಣ್ಣೆಯ ಕಲೆ ಹುಡುಕಿ. ಕಲೆ ಇದ್ದಲ್ಲಿ ಸೀಳಿರುತ್ತದೆ, ಸೀಳಿದ್ದಲ್ಲಿ ಹವಾ ಹೊರಗೆ ಹೋಗುತ್ತಿರುತ್ತದೆ.

ಹೊಗಿ ಬಣ್ಣ ನೋಡಿ ಏನರ ತಿಳೀತದೇನು?

ದಿಕ್ಕು ತಿಳಿಯುತ್ತದೆ, ತೀರ್ಪು ಸಿಗುವುದಿಲ್ಲ. ಕಪ್ಪು ಹೊಗೆ ಅಂದರೆ ಡೀಸೆಲ್ ಹೆಚ್ಚು ಅಥವಾ ಹವಾ ಕಡಿಮೆ: ಫಿಲ್ಟರ್, ಟರ್ಬೊ ಹೋಸ್, ಡೀಸೆಲ್ ಸಿಂಪಡಿಸುವ ನೊಝಲ್ ನೋಡಿ. ನೀಲಿ ಹೊಗೆ ಎಣ್ಣೆ ಸುಡುತ್ತಿರುವುದರ ಗುರುತು. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸೀಲ್. ಬೆಳಿಗ್ಗೆ ಬಿಳಿ ಹೊಗೆ ಬಂದು, ಬಿಸಿಯಾದ ಮೇಲೆ ನಿಂತರೆ ಹೀಟರ್ ಪ್ಲಗ್, ಟೈಮಿಂಗ್ ಅಥವಾ ಕಂಪ್ರೆಶನ್ (ಸಿಲಿಂಡರಿನೊಳಗೆ ಪಿಸ್ಟನ್ ಹವಾ ಒತ್ತಿದಾಗಿನ ಒತ್ತಡ) ಕಡೆ ನೋಡಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಹೆಡ್‌ಗೂ ನಡುವಿನ ಪದರ) ಹೋಗಿದೆ. ಹೊಗೆಯೇ ಇಲ್ಲ, ಎಳೆತವೂ ಇಲ್ಲ ಅಂದರೆ ಎಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲ. ಇದು ಒಳ್ಳೆಯ ಸುದ್ದಿ, ಯಾಕೆಂದರೆ ರಿಪೇರಿ ಅಗ್ಗ.

ಎಂಜಿನ್ ಬಿಚ್ಚದ ಸವದೈತಿ ಅಂತ ಹೆಂಗ ಗೊತ್ತಾಗಬೇಕು?

ಕಂಪ್ರೆಶನ್ ಗೇಜಿನಿಂದ. ಎಂಜಿನ್ ಬಿಸಿ ಮಾಡಿ, ಎಲ್ಲ ಹೀಟರ್ ಪ್ಲಗ್ ಅಥವಾ ನೊಝಲ್ ತೆಗೆದು, ಡೀಸೆಲ್ ಬಂದ್ ಮಾಡಿ, ಪೂರ್ತಿ ಚಾರ್ಜ್ ಆದ ಬ್ಯಾಟರಿಯಿಂದ ಸೆಲ್ಫ್ ಹೊಡೆಯಿರಿ. ಬ್ಯಾಟರಿ ಸೊರಗಿದ್ದರೆ ಒಳ್ಳೆಯ ಎಂಜಿನ್ನೂ ಕೆಟ್ಟದ್ದಾಗಿ ಕಾಣುತ್ತದೆ. ಚೆನ್ನಾಗಿರುವ ಡೀಸೆಲ್ ಎಂಜಿನ್ ಸುಮಾರು 25ರಿಂದ 30 ಬಾರ್ ತೋರಿಸುತ್ತದೆ. 20 ಬಾರ್‌ಗಿಂತ ಕೆಳಗಿದ್ದರೆ, ಅಥವಾ ಒಂದು ಸಿಲಿಂಡರಿಗೂ ಇನ್ನೊಂದಕ್ಕೂ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಚ್ಚುವ ಹೊತ್ತು ಬಂದಿದೆ.

ಕಡಿಮೆ ಬಂದ ಸಿಲಿಂಡರಿಗೆ ಒಂದು ಚಹಾ ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿವೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಂದರೆ ಹೆಡ್ ಕೆಲಸದಲ್ಲೇ ಮುಗಿಯಬಹುದು. ಚಮಚಕ್ಕಿಂತ ಹೆಚ್ಚು ಎಣ್ಣೆ ಮಾತ್ರ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ಬಹಳ ಸಣ್ಣದು, ಎಣ್ಣೆ ತುಂಬಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ನನ್ನ ಲೋಡಿಗೆ ಖರೇ ಎಷ್ಟು ಎಚ್‌ಪಿ ಬೇಕ್ರಿ?

ಲೆಕ್ಕ ಹಾಕಿ ನೋಡೋಣ. ಗಾಡಿ ಮತ್ತು ಲೋಡ್ ಸೇರಿ 3 ಟನ್, 20 ಮೀಟರಿಗೆ 1 ಮೀಟರ್ ಏರುವ ರಸ್ತೆ, 40 ಕಿಮೀ ವೇಗ. ಏರಿನ ಎಳೆತಕ್ಕೆ ಸುಮಾರು 1470 ನ್ಯೂಟನ್, ಟೈರ್ ಉರುಳಲು 440, ಗಾಳಿಗೆ 160. ಒಟ್ಟು 2070ರ ಹತ್ತಿರ. ಗೇರ್ ಬಾಕ್ಸ್ ಮತ್ತು ಹಿಂದಿನ ಆಕ್ಸೆಲ್ ಹೌಸಿಂಗ್‌ನಲ್ಲಿ ಕಳೆಯುವ 15 ಶೇಕಡಾ ಸೇರಿಸಿದರೆ ಎಂಜಿನ್ ಕೊಡಬೇಕಾದದ್ದು ಸುಮಾರು 37 ಎಚ್‌ಪಿ. ಅದೇ ಗಾಡಿಗೆ ಹೇರಿ ಹೇರಿ 4.5 ಟನ್ ಮಾಡಿದರೆ ಬೇಕಾಗುವುದು 54 ಎಚ್‌ಪಿ.

ಈಗ 60 ಎಚ್‌ಪಿ ಆಸುಪಾಸಿನ ಪಿಕಪ್ ತೆಗೆದುಕೊಳ್ಳಿ. ಪಾಸಿಂಗ್ ತೂಕದಲ್ಲಿ ತವಂದಿ ಘಾಟ್, ವಂಟಮುರಿ ಘಾಟ್ ಏರಲು ಅದಕ್ಕೆ ಬೇಕಾದಷ್ಟು ಶಕ್ತಿ ಇದೆ. ಹಾಗಿದ್ದೂ ಏರುತ್ತಿಲ್ಲ ಅಂದರೆ ಎಂಜಿನ್ ತನ್ನ ಹುಟ್ಟು ಶಕ್ತಿಯನ್ನೇ ಕಳೆದುಕೊಂಡಿದೆ, ಇಲ್ಲವೇ ಲೋಡ್ ಮಿತಿ ಮೀರಿದೆ. ಎಂಜಿನ್ ದೊಡ್ಡದು ಮಾಡಿದರೆ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಹೆಚ್ಚುವುದಿಲ್ಲ. ಹೆಚ್ಚು ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಜಾಸ್ತಿ ಬಿಟ್ರ ಆತಲ್ಲ?

ಒಂದು ವಾರ ಗಾಡಿ ಹಾರುತ್ತದೆ. ಡೀಸೆಲ್ ಹೆಚ್ಚಿದಷ್ಟು ಹವಾ ಹೆಚ್ಚುವುದಿಲ್ಲ, ಸುಡದ ಡೀಸೆಲ್ ಕಪ್ಪು ಹೊಗೆಯಾಗುತ್ತದೆ, ಸೈಲೆನ್ಸರಿಗೆ ಹೋಗುವ ಗಾಳಿಯ ಬಿಸಿ ಏರುತ್ತದೆ. ಆ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟಿ ಬಹಳ ಹೊತ್ತು ನಿಂತರೆ ಅಲ್ಯೂಮಿನಿಯಂ ಪಿಸ್ಟನ್ ತಲೆ ಬಿರಿಯುತ್ತದೆ, ಹೆಡ್ ಸೀಳುತ್ತದೆ. ಪರಿಣಾಮ ಬಯಲಿನಲ್ಲಿ ಕಾಣುವುದಿಲ್ಲ. ಲೋಡ್ ಹಾಕಿ ಉದ್ದ ಏರು ಹತ್ತಿದಾಗ ಕಾಣುತ್ತದೆ. ಹೊಗೆ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತೀರಿ: ಬಿಎಸ್ 4 (ಭಾರತ್ ಸ್ಟೇಜ್ 4 ಹೊಗೆ ನಿಯಮ)ಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಜ್ (ಹೊಗೆ ಎಷ್ಟು ದಟ್ಟ ಎಂಬುದರ ಅಳತೆ), ಬಿಎಸ್ 4ಕ್ಕೆ 50. ಪಂಪನ್ನು ಕ್ಯಾಲಿಬ್ರೇಶನ್ ಬೆಂಚಿನ ಮೇಲೆ ಕಂಪನಿ ಅಳತೆಗೆ ಕೂರಿಸಿ, ನೊಝಲ್ ಒತ್ತಡ ಸರಿ ಮಾಡಿಸಿ. ಸವೆದ ಪಂಪಿದ್ದರೆ ಇಷ್ಟರಲ್ಲೇ ಕಳೆದ ಎಳೆತ ತಿರುಗಿ ಬರಬಹುದು.

ಕ್ರೌನ್ ಪಿನಿಯನ್ ಬದಲಿ ಮಾಡಿದ್ರ ಎಂಜಿನ್ ಮುಟ್ಟೂದ ಬ್ಯಾಡಂತಾರ. ಹೌದಾ?

ಕ್ರೌನ್ ಪಿನಿಯನ್ ಅಂದರೆ ಹಿಂದಿನ ಹೌಸಿಂಗಿನೊಳಗೆ ಸುತ್ತು ಇಳಿಸಿ ಚಕ್ರಕ್ಕೆ ಕೊಡುವ ಹಲ್ಲುಚಕ್ರದ ಜೋಡಿ. ಬಹಳ ಜನ ಮರೆಯುವ, ಆದರೆ ಗುಡ್ಡದ ದಾರಿಯವರಿಗೆ ನಿಜಕ್ಕೂ ಕೆಲಸಕ್ಕೆ ಬರುವ ಉಪಾಯ ಇದು. ಪಿನಿಯನ್ನಿಗೆ 11 ಹಲ್ಲು, ಕ್ರೌನಿಗೆ 41 ಇದ್ದರೆ ಅನುಪಾತ 3.73. ಪಿನಿಯನ್ 10, ಕ್ರೌನ್ 43 ಇದ್ದರೆ 4.3. ಮೊದಲನೆಯದರಿಂದ ಎರಡನೆಯದಕ್ಕೆ ಬಂದರೆ ಚಕ್ರದ ಎಳೆತ 15 ಶೇಕಡಾ ಹೆಚ್ಚು. ಕಳೆದುಕೊಳ್ಳುವುದು ವೇಗ: 215/75 ಆರ್ 15 ಟೈರಿನ ಗಾಡಿ ಟಾಪ್ ಗೇರ್ ನೇರ ಇದ್ದಾಗ 2500 ಆರ್‌ಪಿಎಂಗೆ 89 ಕಿಮೀ ಹೋಗುತ್ತಿದ್ದರೆ ಈಗ 77 ಹೋಗುತ್ತದೆ. ಹೆದ್ದಾರಿಯಲ್ಲಿ ಖಾಲಿ ಓಡುವವರಿಗೆ ಇದು ಡೀಸೆಲ್ ನಷ್ಟ. ಸ್ಪೀಡೋಮೀಟರ್ ಕೂಡ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಯಾಕೆಂದರೆ ಅದರ ಕೇಬಲ್ ಗೇರ್ ಬಾಕ್ಸಿನಿಂದ ಬರುತ್ತದೆ.

ನಿಮ್ಮ ಗಾಡಿಯ ಅನುಪಾತ ತಿಳಿಯಲು ಹೌಸಿಂಗ್ ಬಿಚ್ಚಬೇಕಿಲ್ಲ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಇಟ್ಟು, ನ್ಯೂಟ್ರಲ್ ಮಾಡಿ. ಎರಡೂ ಚಕ್ರ ಒಟ್ಟಿಗೆ ಒಂದು ಸುತ್ತು ತಿರುಗಿಸಿದಾಗ ಗೇರ್ ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಬದಲಿಸುವುದಾದರೆ ನಿಮ್ಮದೇ ಮಾಡೆಲಿಗೆ ಕಂಪನಿ ಕೊಟ್ಟಿದ್ದ ಜೋಡಿಯನ್ನೇ ತನ್ನಿ. ಕ್ರೌನ್ ಒಂದು ಕಡೆ, ಪಿನಿಯನ್ ಇನ್ನೊಂದು ಕಡೆಯಿಂದ ತಂದರೆ ಕೂಗುತ್ತದೆ. ದೊಡ್ಡ ಟೈರ್ ಹಾಕಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ಟೈರಿನ ಎತ್ತರ 5 ಶೇಕಡಾ ಹೆಚ್ಚಿದರೆ ಎಳೆತ ಅಷ್ಟೇ ಇಳಿಯುತ್ತದೆ.

ಎರಡನೇ ಹಂತ: ಬೋರ್, ಬದಲಿ ಎಂಜಿನ್, ಕಾಗದ

ಬೋರ್ ಮಾಡಿಸೂದು ಚಲೋನೋ, ಸೆಕೆಂಡ್ ಹ್ಯಾಂಡ್ ಎಂಜಿನ್ ತರೂದು ಚಲೋನೋ?

ಬ್ಲಾಕ್ ಮತ್ತು ಕ್ರ್ಯಾಂಕ್ ಒಡೆದಿಲ್ಲವಾದರೆ ನಿಮ್ಮದನ್ನೇ ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಅದಕ್ಕೆ ತಕ್ಕ ಪಿಸ್ಟನ್ ಹಾಕಿಸಿ. ಕಾರಣ ಸರಳ: ನಿಮ್ಮ ಎಂಜಿನ್ನಿನ ನಂಬರ್ ಆರ್‌ಸಿಯಲ್ಲಿ ಈಗಾಗಲೇ ಇದೆ, ಒಳಗೆ ಏನು ಹಾಕಿದ್ದೀರಿ ಎಂಬುದು ನಿಮಗೆ ಗೊತ್ತಿರುತ್ತದೆ. ಜೊತೆಗೆ ಬೆಳಗಾವಿಯ ಉದ್ಯಮಬಾಗದಂಥ ಕಡೆ ಮಷೀನ್ ಕೆಲಸಕ್ಕೆ ಕೊರತೆಯಿಲ್ಲ. ಸೆಕೆಂಡ್ ಹ್ಯಾಂಡ್ ಎಂಜಿನ್ ತರುವುದಕ್ಕೆ ಅರ್ಥ ಇರುವುದು ಬ್ಲಾಕ್ ಬಿರಿದಾಗ, ರಾಡ್ ಹೊರಗೆ ಬಂದಾಗ, ಅಥವಾ ಕ್ರ್ಯಾಂಕ್ ಕೊನೆಯ ಸೈಜೂ ದಾಟಿದಾಗ. ಸುಗ್ಗಿಯ ನಡುವೆ ಗಾಡಿ ನಿಲ್ಲಿಸಲಾಗದು ಎಂಬ ಅವಸರದಲ್ಲಿ ತಂದ ಎಂಜಿನ್ ಮುಂದಿನ ಸುಗ್ಗಿಗೆ ಮತ್ತೆ ಬೋರಿಗೆ ಬಂದರೆ ಎರಡು ಖರ್ಚು.

ಬೋರಿಂಗಿಗೆ ಕೊಟ್ಟಾಗ ಏನೇನ್ ಅಳತಿ ಕೇಳ್ಬೇಕ್ರಿ?

ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಉದ್ದಕ್ಕೂ ಅಡ್ಡಕ್ಕೂ, ಹೀಗೆ ಆರು ಅಳತೆ ಬರೆಸಿಕೊಳ್ಳಿ. ಸವೆತ 0.15 ಮಿಮೀ ದಾಟಿದ್ದರೆ ಬರೀ ರಿಂಗ್ ಬದಲಿಸುವುದು ಹಣ ನೀರಿಗೆ ಹಾಕಿದಂತೆ. ಮೊದಲು ಪಿಸ್ಟನ್ ಕಿಟ್ ತನ್ನಿ, ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಿಸಿ. ಬೋರ್ ಮಾಡಿ ಆಮೇಲೆ ಪಿಸ್ಟನ್ ಹುಡುಕಬೇಡಿ. ಕೊನೆಗೆ ಹೋನಿಂಗ್‌ನಲ್ಲಿ (ಗೋಡೆಯನ್ನು ಕಲ್ಲಿನಿಂದ ಉಜ್ಜುವ ಕೆಲಸ) ಅಡ್ಡಗೆರೆಗಳು ಕಾಣಬೇಕು, ಗೋಡೆ ಕನ್ನಡಿಯಂತೆ ಹೊಳೆಯಬಾರದು. ಹೊಳೆದರೆ ರಿಂಗ್ ಕೂರುವುದಿಲ್ಲ.

ರಿಂಗನ್ನು ಬೋರಿನೊಳಗೆ ಇಳಿಸಿ ಬಾಯಿ ಅಳೆಯಿರಿ: 90 ಮಿಮೀ ಆಸುಪಾಸಿನ ಬೋರಿಗೆ 0.30ರಿಂದ 0.45 ಮಿಮೀ. ಕ್ರ್ಯಾಂಕನ್ನು ಉಜ್ಜಿಸಿದರೆ 0.25 ಅಥವಾ 0.50 ಅಂಡರ್ ಸೈಜ್ ಬೇರಿಂಗ್, ಮಿಸ್ತ್ರಿಗಳ ಮಾತಿನಲ್ಲಿ ಹತ್ತು ಸೈಜ್, ಇಪ್ಪತ್ತು ಸೈಜ್. ಹೆಡ್‌ಗೆ ನೀರಿನ ಒತ್ತಡದ ಪರೀಕ್ಷೆ ಮಾಡಿಸದೆ ಕೂರಿಸಲೇಬೇಡಿ. ಒಮ್ಮೆ ಬಿಸಿಯಾಗಿ ನಿಂತ ಎಂಜಿನ್ನಿನ ಹೆಡ್‌ನಲ್ಲಿ ವಾಲ್ವ್‌ಗಳ ನಡುವೆ ಕಣ್ಣಿಗೆ ಕಾಣದ ಬಿರುಕು ಇರುತ್ತದೆ. ಹಲವು ಡೀಸೆಲ್‌ಗಳಿಗೆ ಹೆಡ್ ಗ್ಯಾಸ್ಕೆಟ್ ಎರಡು ಮೂರು ದಪ್ಪದಲ್ಲಿ ಬರುತ್ತದೆ, ಅಂಚಿನ ಕಚ್ಚುಗಳೇ ಗುರುತು. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜಿನಿಂದ ಅಳೆದು ಆರಿಸಬೇಕು. ಅಂಗಡಿಯಲ್ಲಿ ಸಿಕ್ಕಿದ್ದು ಹಾಕಿದರೆ ಒಂದೋ ಕಂಪ್ರೆಶನ್ ಕಡಿಮೆ, ಇಲ್ಲವೇ ವಾಲ್ವಿಗೆ ಪಿಸ್ಟನ್ ಪೆಟ್ಟು.

ಗುಜರಿಯೊಳಗ ಎಂಜಿನ್ ನೋಡಾಕ ಹೋದಾಗ ಏನ್ ನೋಡ್ಬೇಕು?

ನೆಲದ ಮೇಲೆ ಮಲಗಿಸಿದ ಎಂಜಿನ್ನಿಗಿಂತ ಗಾಡಿಯಲ್ಲೇ ಇರುವುದನ್ನು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡುವುದು ಮೇಲು. ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನಪಡಿ. ಎಣ್ಣೆ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ಅಂಗೈ ಇಡಿ. ಉಗಿಬಂಡಿಯಂತೆ ದಬ್ಬಿದರೆ ರಿಂಗ್ ಮುಗಿದಿವೆ. ಎಣ್ಣೆಗೆ ಹಾಲು ಬೆರೆತ ಬಣ್ಣ ಇದ್ದರೆ ನೀರು ಸೇರಿದೆ. ಟರ್ಬೊ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಬಹುದು, ಫ್ಯಾನ್ ರೆಕ್ಕೆ ಗೋಡೆಗೆ ತಾಗಬಾರದು. ಸ್ಟಾರ್ಟ್ ಮಾಡಲು ಆಗದಿದ್ದರೆ ಸಂಪ್ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಬಿಚ್ಚಿ ಒಂದು ಬೇರಿಂಗ್ ಕ್ಯಾಪ್ ತೆಗೆಸಿ ನೋಡಿ. ಮಾರುವವ ಒಪ್ಪದಿದ್ದರೆ ನೀವೂ ಒಪ್ಪಬೇಡಿ.

ಎಂಜಿನ್ ನಂಬರನ್ನು ಬಟ್ಟೆಯಿಂದ ಒರೆಸಿ ಓದಿ. ಉಜ್ಜಿದ, ಮತ್ತೆ ಹೊಡೆದ ಗುರುತಿದ್ದರೆ ಅಲ್ಲಿಂದ ಎದ್ದು ಬನ್ನಿ. ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರ ಕಡೆಯಿಂದ ತರುವುದಾದರೂ ಅದೇ ನಂಬರ್ ಬರೆದ ಪಕ್ಕಾ ಬಿಲ್ ಮತ್ತು ಆ ಎಂಜಿನ್ ಯಾವ ಗಾಡಿಯದೋ ಅದರ ದಾಖಲೆ ಬೇಕು. ಕಳವಿನ ಮಾಲು ಗೊತ್ತಿಲ್ಲದೆ ಕೊಂಡರೂ ಠಾಣೆಗೆ ಅಲೆಯುವವರು ನೀವೇ.

ಆರ್‌ಟಿಓದಾಗ ಪಾಸ್ ಆಗತೈತೇನ್ರಿ? ಮೊದಲ ಕೂರಿಸಿ ಆಮ್ಯಾಲ ಕಾಗದ ಮಾಡಿಸ್ಕೊಂಡ್ರ ನಡೀತೈತಾ?

ನಡೆಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿ ಹೊಂದದಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಹಾಗಾಗಿ ದಾರಿ ಇರುವುದು ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ನಿಗೆ. ಕೂರಿಸುವ ಮೊದಲೇ ನಿಮ್ಮ ನೋಂದಣಿ ಕಚೇರಿಯಲ್ಲಿ ಒಪ್ಪಿಗೆ ಪಡೆಯಬೇಕು: ಕೆಎ 22 ಆದರೆ ಬೆಳಗಾವಿ, 23 ಚಿಕ್ಕೋಡಿ, 24 ಬೈಲಹೊಂಗಲ, 49 ಗೋಕಾಕ, 28 ವಿಜಯಪುರ, 29 ಬಾಗಲಕೋಟೆ, 48 ಜಮಖಂಡಿ. ಕೂರಿಸಿದ 14 ದಿನದೊಳಗೆ ಆರ್‌ಸಿ ಒಪ್ಪಿಸಿ ಹೊಸ ನಂಬರ್ ಬರೆಸಬೇಕು. ಬಿಲ್, ಎರಡೂ ಎಂಜಿನ್ ನಂಬರಿನ ಪೆನ್ಸಿಲ್ ಅಚ್ಚು, ವಿಮೆ, ಹೊಗೆ ಪರೀಕ್ಷೆ ಪತ್ರ ಜೊತೆಗಿರಲಿ. ಸಾಲ ಇದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು.

ಒಪ್ಪಿಗೆ ಇಲ್ಲದೆ ಬದಲಿಸಿದರೆ 182ಎ ಕಲಮಿನಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಅಥವಾ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಅಪಘಾತವಾದಾಗ ಸರ್ವೇಯರ್ ಎಂಜಿನ್ ನಂಬರ್ ನೋಡುತ್ತಾನೆ, ಪಾಲಿಸಿಯದಕ್ಕೆ ತಾಳೆಯಾಗದಿದ್ದರೆ ಕ್ಲೇಮ್ ತಕರಾರಿಗೆ ಬೀಳುತ್ತದೆ. ಆರ್‌ಸಿ ತಿದ್ದಿದ ದಿನವೇ ವಿಮಾ ಕಂಪನಿಗೂ ಬರೆದು ತಿಳಿಸಿ.

ಮೂರನೇ ಹಂತ: ದೊಡ್ಡ ಎಂಜಿನ್ನಿನ ಆಸೆ

ಯಾವ ಎಂಜಿನ್ ಯಾವ ಗಾಡಿಗೆ ಕೂರತದ?

ಒಂದೇ ಮನೆತನದ ಎಂಜಿನ್‌ಗಳು ಒಂದರ ಜಾಗದಲ್ಲಿ ಒಂದು ಸುಲಭವಾಗಿ ಕೂರುತ್ತವೆ. ಮಹೀಂದ್ರಾದ 2523 ಸಿಸಿ ಡಿಐ ಎಂಜಿನ್ನಿನ ಬೋರ್ 88.9 ಮಿಮೀ, ಸ್ಟ್ರೋಕ್ 101.6, ಅಂದರೆ ಸರಿಯಾಗಿ ಮೂರೂವರೆ ಇಂಚು, ನಾಲ್ಕು ಇಂಚು. ಟರ್ಬೊ ಇಲ್ಲದ್ದು, ಟರ್ಬೊ ಇದ್ದದ್ದು, ಆಮೇಲೆ ಬಂದ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಬಿಡುವಂಥದ್ದು), ಮೂರೂ ಇದೇ ಅಳತೆಯವು. ಹಾಗಂತ ಹೊರಗಿನ ಸಾಮಾನೆಲ್ಲ ಒಂದೇ ಅಲ್ಲ. ಹಳೆಯ ಮಹೀಂದ್ರಾ ಗಾಡಿಗಳ ಪ್ಯೂಜೊ ಎಂಜಿನ್ 94 ಬೋರ್, 90 ಸ್ಟ್ರೋಕ್, 2498 ಸಿಸಿ. ಸಿಸಿ ಹತ್ತಿರ ಹತ್ತಿರ ಇದ್ದರೂ ಅದು ಬೇರೆ ಕುಲ. ಗೇರ್ ಬಾಕ್ಸೂ ಬೇರೆ. ಟಾಟಾ 207 ಡಿಐ ಮತ್ತು 407ರಲ್ಲಿ ಬಂದ 497 ಎಂಜಿನ್ನಿನ ಹೆಸರಲ್ಲೇ ವಿವರ ಇದೆ: 4 ಸಿಲಿಂಡರ್, 97 ಮಿಮೀ ಬೋರ್. 100 ಮಿಮೀ ಸ್ಟ್ರೋಕ್ ಸೇರಿ 2956 ಸಿಸಿ.

ಕೂರುವುದು ಬೇರೆ, ಕಾಗದದಲ್ಲಿ ಪಾಸಾಗುವುದು ಬೇರೆ. ಟರ್ಬೊ ಇಲ್ಲದ ಗಾಡಿಗೆ ಅದೇ ಕುಲದ ಟರ್ಬೊ ಎಂಜಿನ್ ತರುವ ಮುನ್ನ ಆರ್‌ಟಿಓದಲ್ಲಿ ಬರವಣಿಗೆಯಲ್ಲಿ ಕೇಳಿ. ಬೇರೆ ಕಂಪನಿಯ ಎಂಜಿನ್ ರಸ್ತೆಯ ಗಾಡಿಗೆ ಬೇಡವೇ ಬೇಡ.

ಟಾಟಾ ಏಸಿಗೆ ದೊಡ್ಡ ಎಂಜಿನ್ ಹಾಕಬಹುದಾ?

ಬೇಡ. 2005ರಲ್ಲಿ ಬಂದ ಮೊದಲ ಏಸಿನದು ಎರಡು ಸಿಲಿಂಡರ್, 702 ಸಿಸಿ, 16 ಎಚ್‌ಪಿ. ಗೇರ್ ಬಾಕ್ಸ್, ಬ್ರೇಕ್, ಚಾಸಿ ಎಲ್ಲವೂ ಆ 16 ಎಚ್‌ಪಿಗೆ ಅಳೆದು ಮಾಡಿದವು. ಎಳೆತ ಸಾಲದಿದ್ದರೆ ಮಾರಿ, ದೊಡ್ಡ ಗಾಡಿ ತೊಗೊಳ್ಳಿ.

ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿಂದ ಟರ್ಬೊ ಕಟ್ಟಿಸಿದ್ರ?

ಟರ್ಬೊ ಎಂಜಿನ್ ಅಂದರೆ ಹಳೆಯ ಎಂಜಿನ್ನಿಗೆ ಬಸವನಹುಳುವಿನ ಆಕಾರದ ಸಾಮಾನು ಕಟ್ಟಿದ್ದಲ್ಲ. ಸಾಮಾನ್ಯವಾಗಿ ಅದರ ಪಿಸ್ಟನ್ ಬೇರೆ, ಪಿಸ್ಟನ್ ಕೆಳಗೆ ಎಣ್ಣೆ ಚಿಮ್ಮುವ ಜೆಟ್ ಇರುತ್ತದೆ, ಕಂಪ್ರೆಶನ್ ಅನುಪಾತ ಕಡಿಮೆ, ಎಣ್ಣೆ ತಣಿಸುವ ಕೂಲರ್, ಗಟ್ಟಿ ಗ್ಯಾಸ್ಕೆಟ್. ಇವೇನೂ ಇಲ್ಲದ ಎಂಜಿನ್ನಿಗೆ 0.5 ಬಾರ್ ಬೂಸ್ಟ್ (ಟರ್ಬೊ ತುಂಬುವ ಒತ್ತಡ) ಕೂಡ ಏರಿನಲ್ಲಿ ಅಪಾಯ. ಎಣ್ಣೆ ವಾಪಸ್ ಬರುವ ಪೈಪ್ ಇನ್ನೊಂದು ಎಡವು: ಅದು ದಪ್ಪವಾಗಿ, ಬಾಗಿಲ್ಲದೆ, ಸಂಪಿನ ಎಣ್ಣೆ ಮಟ್ಟಕ್ಕಿಂತ ಮೇಲೆ ಸೇರಬೇಕು. ಸಣ್ಣ ಪೈಪ್ ಹಾಕಿದರೆ ಎಣ್ಣೆ ಟರ್ಬೊದಲ್ಲೇ ನಿಂತು, ಸೀಲ್ ದಾಟಿ, ನೀಲಿ ಹೊಗೆಯಾಗಿ ಬರುತ್ತದೆ. ಮಿಸ್ತ್ರಿ ಆಗ ಟರ್ಬೊ ಕೆಟ್ಟಿದೆ ಅನ್ನುತ್ತಾನೆ. ಕೆಟ್ಟದ್ದು ಪೈಪು.

ಗೇರ್ ಬಾಕ್ಸ್ ಹಳೇದ ಇರ್ಲಿ ಅಂತಾನ್ರಿ ಮಿಸ್ತ್ರಿ. ನಡೀತದಾ?

ಐದು ಅಳತೆ ತಾಳೆಯಾದರೆ ನಡೆಯುತ್ತದೆ: ಬೆಲ್ ಹೌಸಿಂಗಿನ ಬೋಲ್ಟ್ ಜಾಗ, ಇನ್‌ಪುಟ್ ಶಾಫ್ಟಿನ ಹಲ್ಲುಗಳ ಸಂಖ್ಯೆ, ಶಾಫ್ಟ್ ತುದಿ ಕೂರುವ ಪೈಲಟ್ ಬೇರಿಂಗ್, ಶಾಫ್ಟಿನ ಉದ್ದ, ಸೆಲ್ಫ್ ಮೋಟಾರಿನ ಜಾಗ. ಇದರಲ್ಲಿ ಶಾಫ್ಟಿನ ಉದ್ದವನ್ನೇ ಬಹಳ ಜನ ಅಳೆಯುವುದಿಲ್ಲ. ಎರಡು ಮಿಲಿಮೀಟರ್ ಉದ್ದ ಇದ್ದರೂ ಬೋಲ್ಟ್ ಬಿಗಿದಾಗ ಅದು ಕ್ರ್ಯಾಂಕನ್ನು ಹಿಂದಿನಿಂದ ದಬ್ಬುತ್ತದೆ, ಥ್ರಸ್ಟ್ ವಾಷರ್ ಕೆಲವೇ ದಿನದಲ್ಲಿ ತಿಂದುಹೋಗುತ್ತದೆ. ಹೌಸಿಂಗಿನ ಮುಖ ಕೈಯಿಂದಲೇ ಪೂರ್ತಿ ಕೂಡಬೇಕು. ಬೋಲ್ಟಿನಿಂದ ಎಳೆದು ಕೂಡಿಸುವ ಪ್ರಸಂಗ ಬಂದರೆ ನಿಲ್ಲಿಸಿ, ತೆಗೆಯಿರಿ.

ಎಂಜಿನ್ನಿನ ಟಾರ್ಕ್ ಹೆಚ್ಚಾದರೆ ಕ್ಲಚ್ ಪ್ಲೇಟೂ ಅದೇ ಎಂಜಿನ್ನಿನದೇ ಬೇಕು. ಕ್ಲಚ್ ಗಟ್ಟಿಯಾದ ಮೇಲೆ ಮುರಿಯುವ ಸರದಿ ಮೂರನೇ ಗೇರಿನದು, ಅದಾದ ಮೇಲೆ ಪ್ರೊಪೆಲರ್ ಕ್ರಾಸ್ (ಶಾಫ್ಟಿನ ತುದಿಯ ಬಾಗುವ ಕೀಲು), ಅದಾದ ಮೇಲೆ ಆಕ್ಸೆಲ್. ಶಕ್ತಿ ಸರಪಳಿಯಿದ್ದಂತೆ; ಒಂದು ಕೊಂಡಿ ದಪ್ಪ ಮಾಡಿದರೆ ಮುಂದಿನ ಸಣ್ಣ ಕೊಂಡಿ ಹರಿಯುತ್ತದೆ.

ಕಾಮನ್ ರೈಲ್ ಎಂಜಿನ್ ಹಳೇ ಗಾಡಿಗೆ ಹಾಕಿದ್ರ ವೈರಿಂಗ್ ಕಷ್ಟ ಅಂತಾರ. ಎಷ್ಟು ಕಷ್ಟ?

ಎಂಜಿನ್ ಒಂದೇ ತಂದರೆ ಅದು ಸ್ಟಾರ್ಟೇ ಆಗುವುದಿಲ್ಲ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗ್ ಹಾರ್ನೆಸ್ (ವೈರಿನ ಗೊಂಚಲು), ಆಕ್ಸಿಲರೇಟರ್ ಪೆಡಲ್, ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್, ರೈಲ್ ಒತ್ತಡದ ಸೆನ್ಸರ್, ಇಮ್ಮೊಬಿಲೈಸರ್ (ಕಳವು ತಡೆಯುವ ಸಾಧನ) ಇದ್ದರೆ ಅದರ ಕೀಲಿ, ಎಲ್ಲವೂ ಅದೇ ಗಾಡಿಯಿಂದ ಬರಬೇಕು. ಹಾರ್ನೆಸ್ ಕತ್ತರಿಸಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಡೀಸೆಲ್ ಟ್ಯಾಂಕನ್ನು ಒಳಗಿನಿಂದ ತೊಳೆಸಿ. ಹಳೆಯ ಟ್ಯಾಂಕಿನ ತುಕ್ಕು ರೈಲ್ ಪಂಪಿಗೆ ವಿಷ. ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ದಪ್ಪ ಅರ್ಥ್ ಪಟ್ಟಿ ಹಾಕಿ. ಕಾರಣವಿಲ್ಲದೆ ಬಂದ್ ಬೀಳುತ್ತಿದೆ ಎಂದು ಬರುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನೇ.

ನಾಲ್ಕನೇ ಹಂತ: ಕೂರಿಸುವುದು, ಕೂರಿಸಿದ ಮೇಲೆ

ಎಂಜಿನ್ ಇಳಿಸಿ ಏರಿಸುವಾಗ ಎಲ್ಲಿ ಎಡವತಾರ?

ಬಿಚ್ಚುವ ಮೊದಲು ಪ್ರತಿ ಪೈಪ್, ವೈರು, ಕೇಬಲ್‌ಗಳ ಫೋಟೊ ತೆಗೆದುಕೊಳ್ಳಿ. ಬ್ಯಾಟರಿ ಮೊದಲು ತೆಗೆಯಿರಿ. ಒಂದು ಟನ್ನಿನ ಚೈನ್ ಪುಲ್ಲಿ ಸಾಕು, ಆದರೆ ಅದನ್ನು ಪತ್ರಾಸಿನ ಶೆಡ್ಡಿನ ಪೈಪಿಗೆ ಕಟ್ಟಬೇಡಿ.

ಕೂರಿಸುವಾಗ ಹೊಸ ಫೌಂಡೇಶನ್ ರಬ್ಬರ್ ಹಾಕಿ, ಎಲ್ಲ ಬೋಲ್ಟ್ ಸಡಿಲು ಬಿಟ್ಟು ಎಂಜಿನ್ ತನ್ನ ಜಾಗಕ್ಕೆ ಇಳಿದ ಮೇಲೆ ಬಿಗಿಯಿರಿ. ಫ್ಯಾನಿಗೂ ರೇಡಿಯೇಟರಿಗೂ 20ರಿಂದ 25 ಮಿಮೀ ಅಂತರ ಬೇಕು. ಸಂಪಿಗೂ ಮುಂದಿನ ಆಕ್ಸೆಲಿಗೂ ಪಾಟಾ (ಸ್ಪ್ರಿಂಗ್ ಪಟ್ಟಿ) ಪೂರ್ತಿ ಒತ್ತಿದಾಗಲೂ 50 ಮಿಮೀ ಇರಲಿ. ಗುಂಡಿಗೆ ಇಳಿದಾಗ ಸಂಪ್ ಒಡೆಯುವುದು ಈ ಲೆಕ್ಕ ತಪ್ಪಿದಾಗ. ಡೀಸೆಲ್ ರಿಟರ್ನ್ ಪೈಪನ್ನು ಒಳಬರುವ ಪೈಪಿನೊಂದಿಗೆ ಅದಲುಬದಲು ಮಾಡಿ, ಇಡೀ ದಿನ ಏರ್ ತೆಗೆಯುತ್ತ ಕೂರುವುದು ತೀರ ಸಾಮಾನ್ಯ ತಪ್ಪು.

ಹೊಸ ಎಂಜಿನ್ ಹಾಕಿದ ಮ್ಯಾಲ ಬ್ರೇಕ್ ಕಲ್ಲಾಗೇತ್ರಿ!

ಗಾಡಿ ಅಲ್ಲೇ ನಿಲ್ಲಿಸಿ. ಡೀಸೆಲ್ ಗಾಡಿಯ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವ ಪಂಪ್ ಎಂಜಿನ್ನಿನ ಮೇಲೆಯೇ ಇರುತ್ತದೆ, ಹಲವುದರಲ್ಲಿ ಡೈನಮೊ ಹಿಂಬದಿಗೆ. ತಂದ ಎಂಜಿನ್ನಿನಲ್ಲಿ ಆ ಪಂಪ್ ಇಲ್ಲ, ಅದಕ್ಕೆ ಎಣ್ಣೆ ಪೈಪ್ ಕೂಡಿಸಿಲ್ಲ, ಅಥವಾ ಒಂದೇ ದಿಕ್ಕಿಗೆ ಬಿಡುವ ವಾಲ್ವ್ ತಿರುಗಾಮುರುಗಾ ಹಾಕಿದ್ದಾರೆ. ಪರೀಕ್ಷೆ: ಎಂಜಿನ್ ಬಂದ್ ಮಾಡಿ ಬ್ರೇಕನ್ನು ಐದಾರು ಸಲ ತುಳಿದು ಗಟ್ಟಿ ಮಾಡಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಇಲ್ಲ.

ಬ್ಯಾಸಿಗ್ಯಾಗ ಹೀಟ್ ಆಗತದ. ಥರ್ಮೋಸ್ಟಾಟ್ ತಗದ ಒಗದ್ರ ಸರಿ ಹೋಗತದಾ?

ತೆಗೆಯಬೇಡಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೆಳಿಗ್ಗೆ ತಣ್ಣಗೇ ಓಡಿ ಬೋರ್ ಸವೆಸುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಅದು ಇಲ್ಲದಿದ್ದರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಒಳದಾರಿಯಲ್ಲೇ ಸುತ್ತುತ್ತದೆ, ಅಂದರೆ ಇನ್ನೂ ಹೆಚ್ಚು ಕಾಯುತ್ತದೆ.

ವಿಜಯಪುರದ 40 ಡಿಗ್ರಿ ದಾಟುವ ಬಿಸಿಲಲ್ಲಿ ನಿಜವಾದ ಶತ್ರು ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣ ರೇಡಿಯೇಟರ್ ಕೊಳವೆಯೊಳಗೆ ಕಟ್ಟಿಕೊಂಡು ಬಿಸಿ ಹೊರಗೆ ಬಿಡುವುದಿಲ್ಲ. ಮನೆಯ ಹಂಡೆಯ ತಳದಲ್ಲಿ ಕಾಣುವ ಬಿಳಿ ಪದರವೇ ಅದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಸಮ ಪಾಲು ಕೂಲೆಂಟ್ ಬೆರೆಸಿ ತುಂಬಿ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ ಬಿಸಾಡಬೇಡಿ. ಅದಿಲ್ಲದಿದ್ದರೆ ಫ್ಯಾನ್ ಗಾಳಿಯನ್ನು ರೇಡಿಯೇಟರಿನಿಂದ ಎಳೆಯದೆ ಪಕ್ಕದಿಂದ ಎಳೆಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸೋತರೂ ನೀರು ಬೇಗ ಕುದಿಯುತ್ತದೆ, ಅಗ್ಗದ ಸಾಮಾನು, ಮೊದಲು ಬದಲಿಸಿ.

ಮೊದಲ ಸ್ಟಾರ್ಟಿಗೆ ಏನ್ ಮಾಡ್ಬೇಕು, ಎಷ್ಟು ದಿನ ಮೆತ್ತಗ ಓಡಿಸ್ಬೇಕು?

ಡೀಸೆಲ್ ಬಂದ್ ಇಟ್ಟು, ಎಣ್ಣೆ ದೀಪ ಆರುವ ತನಕ ಹತ್ತು ಹತ್ತು ಸೆಕೆಂಡು ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಟರ್ಬೊ ಇದ್ದರೆ ಎಣ್ಣೆ ಪೈಪ್ ಕೂಡಿಸುವ ಮೊದಲು ಅದರ ಬಾಯಿಗೆ ಎಣ್ಣೆ ಸುರಿಯಿರಿ. ಸ್ಟಾರ್ಟ್ ಆದ ಮೇಲೆ ತಾಸುಗಟ್ಟಲೆ ಐಡ್ಲಿಂಗ್ ಬಿಡಬೇಡಿ. ಹೊಸ ರಿಂಗ್ ಕೂರಲು ಒತ್ತಡ ಬೇಕು, ಐಡ್ಲಿಂಗ್‌ನಲ್ಲಿ ಬೋರ್ ನುಣುಪಾಗಿ ಮುಂದೆ ಎಣ್ಣೆ ಕುಡಿಯುತ್ತದೆ. ಮೊದಲ 1000 ಕಿಮೀ ಅರ್ಧ ಲೋಡು, ಒಂದೇ ವೇಗದಲ್ಲಿ ಬಹಳ ಹೊತ್ತು ಬೇಡ, ಘಾಟ್ ಬೇಡ. 500 ಕಿಮೀಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಟ್ಯಾಪೆಟ್ (ವಾಲ್ವಿನ ಮೇಲಿನ ಸಡಿಲು) ನೋಡಿ. ಪುಸ್ತಕ ಹೇಳಿದ್ದರೆ ಮಾತ್ರ ಹೆಡ್ ಬೋಲ್ಟ್ ಮತ್ತೆ ಬಿಗಿಯಿರಿ.

60ಕ್ಕ ಹೋದ್ರ ಗಾಡಿ ನಡಗತೈತಿ. ಎಂಜಿನ್ ಸರಿ ಕೂತಿಲ್ಲೇನು?

ನಿಂತಲ್ಲೇ ಆರ್‌ಪಿಎಂ ಏರಿಸಿ ನೋಡಿ. ಆಗ ನಡುಗದಿದ್ದರೆ ತಪ್ಪು ಎಂಜಿನ್ನಿನದಲ್ಲ, ಪ್ರೊಪೆಲರ್ ಶಾಫ್ಟಿನದು. ಎಂಜಿನ್ ತುಸು ಮೇಲೆ ಕೆಳಗೆ ಕೂತರೆ ಗೇರ್ ಬಾಕ್ಸಿನ ಬಾಗು ಬದಲಾಗುತ್ತದೆ. ಮುಂದಿನ ಕ್ರಾಸಿನ ಕೋನಕ್ಕೂ ಹಿಂದಿನ ಕ್ರಾಸಿನ ಕೋನಕ್ಕೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಫೋನಿನಲ್ಲೇ ಸಿಗುವ ಲೆವೆಲ್ ಇಟ್ಟು ಅಳೆಯಬಹುದು. ಗೇರ್ ಬಾಕ್ಸ್ ಕೆಳಗೆ ತೆಳು ತಗಡು ಕೊಟ್ಟು ಸರಿಮಾಡಿ. ಶಾಫ್ಟ್ ಬಿಚ್ಚಿದಾಗ ಎರಡು ತುಂಡಿನ ಬಾಣದ ಗುರುತು ಎದುರುಬದುರು ಬರುವಂತೆ ಮತ್ತೆ ಸೇರಿಸಿದ್ದಾರೆಯೇ ಎಂಬುದನ್ನೂ ನೋಡಿ. ಒಂದು ಹಲ್ಲು ತಪ್ಪಿ ಸೇರಿಸಿದರೂ ಇದೇ ನಡುಕ.